ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಿನ ನಡಿಗೆ: ಮೊದಲು ತಿಥಿ, ಆಮೇಲೆ ಟಿಕೆಟ್

ಚಳಿಗಾಲ ಹತ್ತಿರವಾಗುತ್ತಿದ್ದಂತೆ ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆಯವು. “ಕುಮಟಾದಿಂದ ಗೋಕರ್ಣಕ್ಕೆ ಕಡಲ ದಡದಲ್ಲೇ ನಡೆದು ಹೋಗಬಹುದಂತೆ. ಎಷ್ಟು ಕಿಲೋಮೀಟರ್? ಎಷ್ಟು ಗಂಟೆ ಬೇಕು?” ಕೇಳುವವರು ಹೆಚ್ಚಿನಂಶ ಬೆಂಗಳೂರಿನವರು. ವಾರವಿಡೀ ಕುರ್ಚಿಯಲ್ಲಿ ಕೂತು, ಭಾನುವಾರ ಲಾಲ್‌ಬಾಗಿನಲ್ಲಿ ಎರಡು ಸುತ್ತು ಹಾಕಿ, ಈ ಕಾಲು ಇನ್ನೂ ಏನಾದರೂ ದೊಡ್ಡದನ್ನು ಮಾಡಬಲ್ಲದು ಎಂಬ ನಂಬಿಕೆ ಉಳಿಸಿಕೊಂಡವರು. ನಾನೂ ಆ ಪೈಕಿಯೇ.

ಉತ್ತರ ಹೇಳಿಬಿಡುತ್ತೇನೆ: ನೀವು ಎಷ್ಟು ಸುತ್ತಿ ಬಳಸಿ ನಡೆಯುತ್ತೀರಿ ಎಂಬುದರ ಮೇಲೆ 20ರಿಂದ 25 ಕಿಲೋಮೀಟರ್, ನಿಧಾನವಾಗಿ ಎರಡು ದಿನ. ಆದರೆ ಈ ಲೆಕ್ಕ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಬೆಟ್ಟದ ದಾರಿ ಬೆಳಿಗ್ಗೆ ಎಲ್ಲಿರುತ್ತದೋ ಸಂಜೆಯೂ ಅಲ್ಲೇ ಇರುತ್ತದೆ. ಕಡಲಂಚಿನ ದಾರಿ ಹಾಗಲ್ಲ. ಬೆಳಿಗ್ಗೆ ಎತ್ತಿನ ಗಾಡಿ ಓಡಿಸುವಷ್ಟು ಅಗಲವಿದ್ದ ಮರಳು ಮಧ್ಯಾಹ್ನಕ್ಕೆ ನೀರಿನಡಿ ಹೋಗಿರುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆಯದು: ಅಂದು ಯಾವ ತಿಥಿ?

1. ದಾರಿಯನ್ನು ಕಣ್ಣಮುಂದೆ ತಂದುಕೊಳ್ಳಿ

ದಕ್ಷಿಣದಲ್ಲಿ ಕುಮಟಾ, ಉತ್ತರದಲ್ಲಿ ಗೋಕರ್ಣ, ನಡುವೆ ಅಘನಾಶಿನಿ ನದಿಯ ಅಳಿವೆ. ಅಳಿವೆ ಎಂದರೆ ನದಿ ಸಮುದ್ರ ಸೇರುವ ಬಾಯಿ. ಈ ಅಳಿವೆಯೇ ನಡಿಗೆಯನ್ನು ಎರಡು ತುಂಡು ಮಾಡುತ್ತದೆ.

ದಕ್ಷಿಣದ ತುಂಡು ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲ ದಾಟಿ ಅಘನಾಶಿನಿ ಎಂಬ ಊರಿಗೆ ಬರುತ್ತದೆ. ಉದ್ದುದ್ದ ಮರಳಿನ ದಡ, ತೆಂಗಿನ ತೋಟ, ಮೀನುಗಾರರ ಕೇರಿ, ಪ್ರವಾಸಿಗರು ಕಡಿಮೆ. ಉತ್ತರದ ತುಂಡು ತದಡಿ ಬಂದರಿನಿಂದ ಬೇಲೇಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಕಡಲತೀರಗಳ ಮೂಲಕ ಗೋಕರ್ಣಕ್ಕೆ. ಇಲ್ಲಿ ದಡಗಳು ಗಿಡ್ಡ, ಅವುಗಳ ನಡುವೆ ಸಮುದ್ರಕ್ಕೆ ಮೂಗು ಚಾಚಿದ ಗುಡ್ಡಗಳು. ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು.

ಯಾವ ದಿಕ್ಕಿನಿಂದ ಹೊರಡಬೇಕು? ಕುಮಟಾದಿಂದ ಗೋಕರ್ಣಕ್ಕೆ ಎನ್ನುವುದು ನನ್ನ ಮತ. ಸುಸ್ತಾದ ಕಾಲು ಊಟ, ಸ್ನಾನ, ರಾತ್ರಿ ಬಸ್ಸು ಎಲ್ಲ ಸಿಗುವ ಊರಿಗೆ ಬಂದು ಮುಟ್ಟಬೇಕು. ಗೋಕರ್ಣದಿಂದ ಹೊರಟರೆ ಕೆಫೆಗಳ ಸಾಲು ಮೊದಲ ಗಂಟೆಯಲ್ಲೇ ಎದುರಾಗಿ ಅರ್ಧ ತಂಡ ಅಲ್ಲೇ ಕುಳಿತುಬಿಡುತ್ತದೆ.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇಷ್ಟೆಲ್ಲ ಬೇಡ. ಗೋಕರ್ಣದಿಂದ ಕುಡ್ಲೆ, ಕುಡ್ಲೆಯಿಂದ ಓಂ. ಅರ್ಧ ದಿನದಲ್ಲಿ ಮುಗಿಯುತ್ತದೆ, ಓಂ ತೀರದಿಂದ ಆಟೊದಲ್ಲಿ ವಾಪಸಾಗಬಹುದು. ಒಂದೇ ದಿನ ಇರುವವರು ಉತ್ತರದ ತುಂಡನ್ನಷ್ಟೇ ನಡೆಯಲಿ.

2. ತಿಥಿ ನೋಡಿ ದಿನ ಗೊತ್ತು ಮಾಡಿ

ಇದು ಈ ಲೇಖನದ ಮುಖ್ಯ ಭಾಗ. ಉಳಿದದ್ದನ್ನು ಓದದಿದ್ದರೂ ಇದನ್ನು ಓದಿ.

ಸಮುದ್ರದ ನೀರು ದಿನಕ್ಕೆ ಸುಮಾರಾಗಿ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಶಾಲೆಯ ಪುಸ್ತಕದಲ್ಲಿ ಉಬ್ಬರ, ಇಳಿತ ಎಂದು ಓದಿದ್ದೇವೆ. ಕರಾವಳಿಯವರು ಏರುವುದನ್ನು ಭರತ ಎನ್ನುತ್ತಾರೆ. ಒಂದು ಉಬ್ಬರಕ್ಕೂ ಮುಂದಿನ ಇಳಿತಕ್ಕೂ ನಡುವೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ಇದಕ್ಕೆಲ್ಲ ಮುಖ್ಯ ಕಾರಣ ಚಂದ್ರನಾದ್ದರಿಂದ, ಚಂದ್ರ ದಿನವೂ ತಡವಾಗಿ ಹುಟ್ಟುವ ಹಾಗೆ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಂದರೆ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಚಿಕ್ಕ ಅಕ್ಷರದಲ್ಲಿ ಅಚ್ಚಾಗಿರುವ ತಿಥಿಯನ್ನು ನೋಡಿದರೆ ಸಮುದ್ರದ ವೇಳಾಪಟ್ಟಿ ಅಂದಾಜಿಗೆ ಸಿಗುತ್ತದೆ. ಬೆಂಗಳೂರಿನ ಮನೆಗಳಲ್ಲಿ ಆ ಕ್ಯಾಲೆಂಡರ್ ಸಂಕಷ್ಟಿಗೂ ಏಕಾದಶಿಗೂ ಮಾತ್ರ ಕೆಲಸಕ್ಕೆ ಬರುತ್ತದೆ. ಅಘನಾಶಿನಿಯ ದಡದಲ್ಲಿ ಅದರಿಂದಲೇ ದಿನದ ಕೂಲಿ ನಿರ್ಧಾರವಾಗುತ್ತದೆ.

ಲೆಕ್ಕ ಹೀಗೆ. ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಸರಿಸುಮಾರು ಬೆಳಿಗ್ಗೆ 11ರ ಹೊತ್ತಿಗೆ ಉಬ್ಬರ, ಬೆಳಗಿನ ಜಾವವೂ ಸಂಜೆಯೂ 5ರ ಹೊತ್ತಿಗೆ ಇಳಿತ. ಒಂದು ಗಂಟೆ ಹಿಂದೆ ಮುಂದೆ ಆಗಬಹುದು. ಅಲ್ಲಿಂದ ದಿನಕ್ಕೆ 50 ನಿಮಿಷ ಸೇರಿಸುತ್ತ ಬನ್ನಿ. ಪಂಚಮಿಯ ಹೊತ್ತಿಗೆ ಬೆಳಗಿನ ಇಳಿತ 9 ಗಂಟೆಯ ಸುಮಾರಿಗೆ ಬರುತ್ತದೆ. ಅಷ್ಟಮಿಗೆ 11ರ ಆಸುಪಾಸು. ಶುಕ್ಲಪಕ್ಷವಾದರೂ ಕೃಷ್ಣಪಕ್ಷವಾದರೂ ಲೆಕ್ಕ ಅದೇ.

ಈಗ ನಿಮಗೆ ಬೇಕಾದದ್ದೇನು? ಬೆಳಿಗ್ಗೆ ಏಳಕ್ಕೆ ಹೊರಟು ಬಿಸಿಲೇರುವ ಮುನ್ನ ಹೆಚ್ಚು ದೂರ ಕ್ರಮಿಸಬೇಕು, ಅಷ್ಟು ಹೊತ್ತೂ ನೀರು ಇಳಿಯುತ್ತಿರಬೇಕು ಅಥವಾ ಇಳಿದಿರಬೇಕು. ಹಾಗಾಗಿ ಪಂಚಮಿಯಿಂದ ಅಷ್ಟಮಿಯೊಳಗೆ ಬೀಳುವ ಶನಿವಾರ, ಭಾನುವಾರಗಳನ್ನು ಹುಡುಕಿ. ಇನ್ನೊಂದು ಲಾಭವೂ ಇದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಇಲ್ಲಿ ನೀರಿನ ಏರಿಳಿತ ಎರಡು ಮೀಟರಿನ ಆಸುಪಾಸು ಇದ್ದರೆ ಅಷ್ಟಮಿಯ ಸುಮಾರಿಗೆ ಅದು ಅರ್ಧಕ್ಕೆ ಇಳಿಯುತ್ತದೆ. ಎರಡು ಮೀಟರ್ ಅಂದರೆ ಏನು ಮಹಾ ಎನ್ನಬೇಡಿ. ಅದು ನೇರ ಎತ್ತರದ ಲೆಕ್ಕ. ಇಳಿಜಾರು ಕಡಿಮೆಯಿರುವ ದಡದಲ್ಲಿ ಅಷ್ಟಕ್ಕೇ ನೀರು ಹತ್ತಾರು ಮೀಟರ್ ಒಳಗೆ ನುಗ್ಗಿ ಬರುತ್ತದೆ.

ಬೆಳದಿಂಗಳಲ್ಲಿ ಕಡಲ ದಡದಲ್ಲಿ ನಡೆಯಬೇಕೆಂದು ಹುಣ್ಣಿಮೆಗೇ ದಿನ ಗೊತ್ತು ಮಾಡುವವರು ಪ್ರತಿವರ್ಷ ಇರುತ್ತಾರೆ. ಆಸೆ ಚೆನ್ನಾಗಿದೆ. ಆದರೆ ಅಂದು ಬೆಳಗಿನ ನಡಿಗೆಯ ಹೊತ್ತಿಗೆ ಸರಿಯಾಗಿ ನೀರು ಏರುತ್ತಿರುತ್ತದೆ. ಗಟ್ಟಿ ಮರಳು ಮುಳುಗಿ, ಮೇಲಿನ ಸಡಿಲ ಮರಳಿನಲ್ಲಿ ಪಾದ ಹೂತುಕೊಂಡು ನಡೆಯಬೇಕಾಗುತ್ತದೆ. ಗಂಟೆಗೆ ನಾಲ್ಕು ಕಿಲೋಮೀಟರ್ ನಡೆಯುವವರು ಎರಡಕ್ಕೆ ಇಳಿಯುತ್ತೀರಿ.

ಎಚ್ಚರಿಕೆ: ತಿಥಿಯ ಲೆಕ್ಕ ದಿನ ಆರಿಸಿಕೊಳ್ಳುವುದಕ್ಕೆ ಮಾತ್ರ. ಹೊರಡುವ ಮುನ್ನ ಕಾರವಾರ ಬಂದರಿನ ಉಬ್ಬರವಿಳಿತದ ಪಟ್ಟಿಯನ್ನು ಮೊಬೈಲಿನಲ್ಲಿ ನೋಡಿ, ಎರಡೂ ದಿನದ ಸಮಯ ಕಾಗದದ ಮೇಲೆ ಬರೆದುಕೊಳ್ಳಿ. ಒಂದೇ ದಿನದ ಎರಡು ಉಬ್ಬರಗಳೂ ಸಮನಾಗಿರುವುದಿಲ್ಲ, ಅದು ಪಟ್ಟಿಯಲ್ಲೇ ಕಾಣುತ್ತದೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಎತ್ತರದ ಅಲೆಗಳ ಮುನ್ಸೂಚನೆ ಕೊಡುತ್ತದೆ. ಅಂಥ ಎಚ್ಚರಿಕೆ ಇದ್ದ ದಿನ ನಡಿಗೆ ಬೇಡ. ತಿಥಿ ಎಷ್ಟೇ ಚೆನ್ನಾಗಿರಲಿ.

ತಿಂಗಳ ಮಾತು ಚುಟುಕಾಗಿ: ನವೆಂಬರಿನಿಂದ ಫೆಬ್ರುವರಿ. ಮಾರ್ಚಿನಿಂದ ಸೆಕೆ ತಡೆಯಲಾಗುವುದಿಲ್ಲ. ಮಳೆಗಾಲದಲ್ಲಿ ಖಂಡಿತ ಬೇಡ. ಯಾಂತ್ರಿಕ ದೋಣಿಗಳವರೇ ಜೂನ್ 1ರಿಂದ ಜುಲೈ 31ರವರೆಗೆ ಸಮುದ್ರಕ್ಕೆ ಇಳಿಯುವುದಿಲ್ಲ. ಗುಡ್ಡಗಳ ಮಣ್ಣು ನೆನೆದು ಸಡಿಲವಾಗಿರುತ್ತದೆ. 2024ರ ಜುಲೈನಲ್ಲಿ ಅಂಕೋಲಾದ ಬಳಿ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ಇದೇ ಜಿಲ್ಲೆಯಲ್ಲಿ.

3. ಟಿಕೆಟ್

ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ತಿಥಿ ಅದಕ್ಕೂ ಎಷ್ಟೋ ಮೊದಲೇ ಅಚ್ಚಾಗಿರುತ್ತದೆ. ಇಷ್ಟು ಅನುಕೂಲ ಬೇರೆ ಯಾವ ಪ್ರವಾಸಕ್ಕೂ ಇಲ್ಲ.

ಬೆಂಗಳೂರಿನಿಂದ ಕಾರವಾರದ ಕಡೆಗೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ರೈಲು. ಶುಕ್ರವಾರ ಹತ್ತಿದರೆ ಶನಿವಾರ ಬೆಳಗಿನ ಹೊತ್ತಿಗೆ ಕುಮಟಾ. ಕೆಎಸ್‌ಆರ್‌ಟಿಸಿ ಮತ್ತು ಖಾಸಗಿ ರಾತ್ರಿ ಬಸ್ಸುಗಳೂ ಇವೆ. ದೂರ 500 ಕಿಲೋಮೀಟರಿನ ಹತ್ತಿರ, ಘಟ್ಟ ಇಳಿಯುವಾಗ ಹೊಟ್ಟೆ ತೊಳಸುವವರು ಮಾತ್ರೆ ಇಟ್ಟುಕೊಳ್ಳಿ. ಕಾರು ಬೇಡ. ಕುಮಟಾದಲ್ಲಿ ಬಿಟ್ಟು ಗೋಕರ್ಣಕ್ಕೆ ನಡೆದರೆ ಅದನ್ನು ತರಲು ಮತ್ತೆ ಕುಮಟಾಕ್ಕೆ ಹೋಗಬೇಕು.

ವಾಪಸಾಗುವಾಗ ಒಂದು ಗೊಂದಲ ಬಹಳ ಜನಕ್ಕೆ ಆಗುತ್ತದೆ. ‘ಗೋಕರ್ಣ ರೋಡ್’ ರೈಲು ನಿಲ್ದಾಣ ಗೋಕರ್ಣದಲ್ಲಿಲ್ಲ. ಅದು ಹೆದ್ದಾರಿಯ ಮಾದನಗೇರಿಯ ಕಡೆಗೆ, ಊರಿನಿಂದ ಎಂಟು ಹತ್ತು ಕಿಲೋಮೀಟರ್ ದೂರದಲ್ಲಿದೆ. ರೈಲಿನ ಹೊತ್ತಿಗೆ ಆಟೊ ಮೊದಲೇ ಹೇಳಿಟ್ಟಿರಿ.

4. ಬೆಂಗಳೂರಿನಲ್ಲೇ ಕಾಲು ಪಳಗಿಸಿ

ಬೆಟ್ಟ ಹತ್ತುವವರು ಕಡಲ ನಡಿಗೆಯನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಸಾವನದುರ್ಗ ಹತ್ತಿಳಿದವನಿಗೆ ಚಪ್ಪಟೆ ಮರಳು ಏನು ಲೆಕ್ಕ ಎಂಬ ಧೋರಣೆ. ಎರಡು ಕಾರಣಕ್ಕೆ ಈ ಲೆಕ್ಕ ತಪ್ಪುತ್ತದೆ. ಒಂದು, ಮರಳಿನಲ್ಲಿ ಪ್ರತಿ ಹೆಜ್ಜೆಯೂ ಸ್ವಲ್ಪ ಹಿಂದಕ್ಕೆ ಜಾರುತ್ತದೆ. ಮೀನಖಂಡ ಮತ್ತು ಹಿಮ್ಮಡಿಯ ನರ ಎರಡೂ ಎಳೆಯುತ್ತವೆ. ಎರಡು, ಗಾಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಬೆವರು ಆರುತ್ತದೆ, ಮೈ ತಣಿಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಜನವರಿಯಲ್ಲೂ ಹತ್ತು ಗಂಟೆಗೆ ಅಂಗಿ ಹಿಂಡುವ ಹಾಗಾಗಿರುತ್ತದೆ.

ಹೊರಡುವ ಮೊದಲು ನಾಲ್ಕು ವಾರ, ವಾರಕ್ಕೆ ಮೂರು ದಿನ ಒಂದೊಂದು ಗಂಟೆ ನಡೆಯಿರಿ. ಭಾನುವಾರ ಐದಾರು ಕಿಲೋ ತೂಕದ ಚೀಲ ಬೆನ್ನಿಗೆ ಹಾಕಿಕೊಂಡು ಹತ್ತು ಕಿಲೋಮೀಟರ್. ತುರಹಳ್ಳಿಯ ಕಡೆ ಹೋಗಿ, ಇಲ್ಲವೇ ನಿಮ್ಮ ಬಡಾವಣೆಯ ಕೆರೆ ಏರಿಯ ಮೇಲೇ ಸುತ್ತು ಹಾಕಿ. ಮಾಕಳಿದುರ್ಗ, ಸ್ಕಂದಗಿರಿಗಳಂಥ ಬೆಟ್ಟಗಳಾದರೆ ಅರಣ್ಯ ಇಲಾಖೆಯ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಬೇಕು. ಬುಡಕ್ಕೆ ಹೋಗಿ ವಾಪಸಾದವರ ಗೋಳು ಬೇಕಾದಷ್ಟು ಕೇಳಿದ್ದೇನೆ.

5. ಚೀಲದಲ್ಲಿ ಏನಿರಬೇಕು

ಪಾದರಕ್ಷೆಯಿಂದ ಶುರು ಮಾಡೋಣ, ಏಕೆಂದರೆ ಅತಿ ಹೆಚ್ಚು ಪೆಟ್ಟು ತಿನ್ನುವುದು ಅಲ್ಲಿಯೇ. ದಪ್ಪ ಟ್ರೆಕ್ಕಿಂಗ್ ಶೂ ಬೇಡ. ಒಳಗೆ ಮರಳು ಹೊಕ್ಕು, ಬೆವರಿಗೆ ಅಂಟಿ, ಮಧ್ಯಾಹ್ನಕ್ಕೆ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಬರಿಗಾಲೂ ಬೇಡ, ಬಂಡೆಗೆ ಅಂಟಿಕೊಂಡ ಚಿಪ್ಪುಗಳ ಅಂಚು ಬ್ಲೇಡಿನಷ್ಟು ಹರಿತ. ಹಿಮ್ಮಡಿಗೆ ಪಟ್ಟಿಯಿರುವ, ತಳ ಜಾರದ ಸ್ಯಾಂಡಲ್ ಸರಿಯಾದದ್ದು. ಹೊಸದನ್ನು ಅಲ್ಲಿಗೇ ಮೊದಲ ಸಲ ಹಾಕಿಕೊಂಡು ಹೋಗಬೇಡಿ.

ತಲಾ ಮೂರು ಲೀಟರ್ ನೀರು. ಒಆರ್‌ಎಸ್ ಪುಡಿ, ಅಂದರೆ ಬೆವರಿನಲ್ಲಿ ಹೋದ ಲವಣವನ್ನು ತುಂಬುವ ಪುಡಿ, ದಿನಕ್ಕೆ ಎರಡು ಪೊಟ್ಟಣ. ಅಗಲ ಅಂಚಿನ ಟೋಪಿ. ಎರಡು ಮೂರು ಗಟ್ಟಿ ಪ್ಲಾಸ್ಟಿಕ್ ಚೀಲ: ಮೊಬೈಲಿಗೆ ಒಂದು, ಬಟ್ಟೆಗೆ ಒಂದು, ನಿಮ್ಮದೇ ಕಸಕ್ಕೆ ಒಂದು. ತಲೆಗೆ ಕಟ್ಟುವ ಟಾರ್ಚ್. ಚಿಲ್ಲರೆ ನೋಟು. ತೊಡೆ ಉಜ್ಜಿ ಕೆಂಪಾಗುವುದನ್ನು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ: ಬೆಳಿಗ್ಗೆ ಹೊರಡುವ ಮೊದಲು ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಜೀನ್ಸ್ ಬೇಡವೇ ಬೇಡ.

ಒಂದು ಹತ್ತಿಯ ಪಂಚೆ ಇರಲಿ. ಮೈ ಒರೆಸಲು, ಹಾಸಲು, ಬಿಸಿಲಿಗೆ ತಲೆಗೆ ಸುತ್ತಲು ಬರುತ್ತದೆ. ಕೊನೆಗೆ ಗೋಕರ್ಣದ ದೇವಸ್ಥಾನಕ್ಕೆ ಹೋಗುವಾಗಲೂ ಬೇಕು, ಚಡ್ಡಿಯಲ್ಲಿ ಒಳಗೆ ಬಿಡುವುದಿಲ್ಲ.

6. ಮೊದಲ ದಿನ: ಕುಮಟಾದಿಂದ ಅಘನಾಶಿನಿ

ಕುಮಟಾದಲ್ಲಿ ಇಳಿದು, ಪೇಟೆಯಲ್ಲಿ ಹೊಟ್ಟೆ ತುಂಬ ತಿಂದು, ವನ್ನಳ್ಳಿಯ ದಡಕ್ಕೆ ಆಟೊ ಹಿಡಿಯಿರಿ. ಸಮುದ್ರ ಎಡಗೈ ಬದಿಗೆ ಇರಲಿ, ಇಡೀ ನಡಿಗೆಗೆ ದಿಕ್ಕಿನ ಸೂತ್ರ ಅಷ್ಟೇ.

ಎಲ್ಲಿ ಕಾಲಿಡಬೇಕು ಎನ್ನುವುದನ್ನು ಹತ್ತಿರದಿಂದ ನೋಡಿ ಕಲಿಯಿರಿ. ಆಗತಾನೆ ಅಲೆ ಹಿಂದೆ ಸರಿದ ಕಡೆ ಮರಳು ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಅಲ್ಲಿ ಕಾಲಿಟ್ಟರೆ ಹಿಮ್ಮಡಿ ಇಳಿಯುತ್ತದೆ. ಅದಕ್ಕಿಂತ ಎರಡು ಮೂರು ಹೆಜ್ಜೆ ಮೇಲೆ, ಹೊಳಪು ಹೋಗಿ ಬಣ್ಣ ಮಾತ್ರ ಗಾಢವಾಗಿ ಉಳಿದ ಒಂದು ಪಟ್ಟಿ ಇರುತ್ತದೆ. ಹೆಜ್ಜೆಯಿಟ್ಟಾಗ ಪಾದದ ಸುತ್ತ ಒಂದು ಕ್ಷಣ ಒಣಗಿದ ಬಿಳಿ ಉಂಗುರ ಮೂಡಿ ಮಾಯವಾದರೆ ಅದೇ ಗಟ್ಟಿ ಮರಳು. ಆ ಪಟ್ಟಿ ಬಿಡಬೇಡಿ. ಅದಕ್ಕೂ ಮೇಲೆ ಏಡಿಗಳು ತೋಡಿ ಹಾಕಿದ ಸಣ್ಣ ಸಣ್ಣ ಮರಳುಂಡೆಗಳು ಕಂಡರೆ ಸಡಿಲ ಮರಳು ಶುರುವಾಯಿತೆಂದು ಅರ್ಥ. ದಡ ಒಂದೇ ಕಡೆ ವಾಲಿರುವುದರಿಂದ ಬಹಳ ಹೊತ್ತು ನಡೆದರೆ ಒಂದು ಸೊಂಟ ನೋಯುತ್ತದೆ. ನಡುನಡುವೆ ಮೇಲಿನ ಸಮತಟ್ಟಿಗೆ ಬಂದು ಸ್ವಲ್ಪ ದೂರ ನಡೆಯುವುದೊಂದೇ ಪರಿಹಾರ.

ದಡಗಳ ನಡುವೆ ಕಲ್ಲಿನ ಗುಡ್ಡ ಅಡ್ಡ ಬರುತ್ತದೆ. ಕಪ್ಪು ಕೆಂಪಾಗಿ, ತೂತುತೂತಾಗಿ ಕಾಣುವುದು ಜಂಬಿಟ್ಟಿಗೆ, ಅಲ್ಲಿನವರ ಮಾತಿನಲ್ಲಿ ಚಿರೇಕಲ್ಲು. ಒಣಗಿದ್ದರೆ ಒಳ್ಳೆಯ ಹಿಡಿತ ಕೊಡುತ್ತದೆ. ಹಸಿರು ಪಾಚಿ ಕಂಡರೆ ಅದರ ಮೇಲೆ ಕಾಲಿಡಬೇಡಿ, ನೋಡಲು ಒಣಗಿದಂತಿದ್ದರೂ ಸರಿಯೆ. ಕಲ್ಲಿನ ಬುಡದಲ್ಲಿ ಹಾದುಹೋಗುವ ಒಳದಾರಿ ಹತ್ತಿರವೆನಿಸುತ್ತದೆ. ನೀರು ಇಳಿಯುತ್ತಿದ್ದರೆ ಮಾತ್ರ ಹೋಗಿ. ಏರುತ್ತಿದ್ದರೆ ಗುಡ್ಡ ಹತ್ತಿ ಬಳಸಿ, ಇಲ್ಲವೇ ಊರೊಳಗಿನ ರಸ್ತೆಗೆ ಬನ್ನಿ. ಎರಡು ಬಂಡೆಗಳ ನಡುವಿನ ಕಿರಿದಾದ ಮರಳಿನ ಮೇಲೆ ಕೂತು ಊಟ ಮಾಡುತ್ತಿರುವಾಗ ಎರಡೂ ಕಡೆಯ ದಾರಿ ಮುಚ್ಚಿಹೋಗುವುದು ಇಲ್ಲಿ ಪದೇ ಪದೇ ಆಗುವ ಎಡವಟ್ಟು. ನನಗೂ ಒಮ್ಮೆ ಆಗಿದೆ. ಚೀಲ ತಲೆಯ ಮೇಲಿಟ್ಟುಕೊಂಡು ಸೊಂಟದ ನೀರಿನಲ್ಲಿ ದಾಟಿದೆ, ಜೇಬಿನಲ್ಲಿದ್ದ ಮೊಬೈಲ್ ಹೋಯಿತು.

ಸಣ್ಣ ಹಳ್ಳಗಳು ಸಮುದ್ರ ಸೇರುವ ಕಡೆ ಇಳಿತದಲ್ಲಿ ನೀರು ಪಾದ ಮುಳುಗುವಷ್ಟು, ಉಬ್ಬರದಲ್ಲಿ ಎದೆಮಟ್ಟ ಬರಬಹುದು. ತಳ ಕಾಣದಿದ್ದರೆ ಇಳಿಯಬೇಡಿ.

ಬಾಡ, ಕಾಗಾಲದ ಕಡೆಯ ದಡಗಳಲ್ಲಿ ಬಲೆ ಒಣಹಾಕಿರುತ್ತಾರೆ. ಅದನ್ನು ತುಳಿಯಬೇಡಿ, ಬಳಸಿಕೊಂಡು ಹೋಗಿ. ನೀರು ಬೇಕಾದರೆ ಮನೆಯಂಗಳಕ್ಕೆ ಹೋಗಿ ಕೇಳಿ, ಇಲ್ಲವೆನ್ನುವವರು ಕಡಿಮೆ. ಮುರುಗಲು ಪಾನಕ ಸಿಕ್ಕರೆ ಬಿಡಬೇಡಿ. ಮುರುಗಲು ಎಂದರೆ ಪೇಟೆಯಲ್ಲಿ ಕೋಕಂ ಎಂದು ಮಾರುವ ಹುಳಿಹಣ್ಣು. ಉಪ್ಪು, ಸಕ್ಕರೆ ಹಾಕಿದ ಒಂದು ದೊಡ್ಡ ಲೋಟ ಕುಡಿದರೆ ನಿಮ್ಮ ಒಆರ್‌ಎಸ್ ಪುಡಿಯ ನೆನಪೇ ಬರುವುದಿಲ್ಲ.

7. ತಾರಿ ದಾಟುವುದು

ತಾರಿ ಎಂದರೆ ಹೊಳೆ ದಾಟಿಸುವ ದೋಣಿ ಮತ್ತು ಅದು ಹೊರಡುವ ಜಾಗ. ಅಘನಾಶಿನಿಯಿಂದ ತದಡಿಗೆ ದೋಣಿ ಇದೆ. ಜನ, ಬೈಕು, ತರಕಾರಿ ಬುಟ್ಟಿ, ಎಲ್ಲವೂ ಒಟ್ಟಿಗೆ ದಾಟುತ್ತವೆ. ಈ ದೋಣಿ ತಪ್ಪಿದರೆ ರಸ್ತೆಯಲ್ಲಿ ಹೆದ್ದಾರಿಯವರೆಗೆ ಹೋಗಿ ಮಿರ್ಜಾನ ಬಳಸಿ ಬರಬೇಕು. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂಬುದನ್ನು ಬೆಳಿಗ್ಗೆ ಕುಮಟಾದಲ್ಲೇ ವಿಚಾರಿಸಿ, ನಾಲ್ಕು ಗಂಟೆಯೊಳಗೆ ತಾರಿಗೆ ಬಂದಿರುವ ಹಾಗೆ ನಡೆಯಿರಿ. ಡಿಸೆಂಬರಿನಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ.

ಒಮ್ಮೆ ನಾನು ಮೊಬೈಲಿನಲ್ಲಿ ಪಟ್ಟಿ ಹುಡುಕುತ್ತ ನಿಂತಿದ್ದಾಗ ದೋಣಿಯ ಹಿರಿಯರೊಬ್ಬರು, “ಅದನ್ನೇನು ನೋಡುತ್ತೀ ತಮ್ಮಾ? ಇವತ್ತು ದಶಮಿ. ನೀರು ಇಳಿದು ಮುಗಿಯುವುದು ಒಂದು ಗಂಟೆಗೆ” ಎಂದರು. ಪಟ್ಟಿಯಲ್ಲಿ ಒಂದೂ ಹತ್ತು ಇತ್ತು.

ಇಳಿತದ ಹೊತ್ತಿಗೆ ದಾಟಿದರೆ ಹೊಳೆಯ ನಡುವೆ ಎದೆಮಟ್ಟದ ನೀರಿನಲ್ಲಿ ನಿಂತವರು ಕಾಣುತ್ತಾರೆ. ಕಾಲಿನಿಂದಲೇ ತಳದ ಕೆಸರು ತಡಕಿ, ಚಿಪ್ಪುಜೀವಿಗಳನ್ನು ಹೆಕ್ಕಿ ಬುಟ್ಟಿಗೆ ತುಂಬುತ್ತಾರೆ. ಇವರ ಕೆಲಸಕ್ಕೆ ಇಳಿತದ ನಾಲ್ಕು ಗಂಟೆಯೇ ಕಚೇರಿ ವೇಳೆ. ಫೋಟೊ ತೆಗೆಯುವ ಮೊದಲು ಕೇಳಿ.

8. ಸಮಯ ಉಳಿದರೆ: ಗಜನಿಯ ಒಡ್ಡಿನ ಮೇಲೆ

ಹೆಚ್ಚಿನವರು ಕಡಲು ನೋಡಲು ಬಂದು ಇದನ್ನು ನೋಡದೆ ಹೋಗುತ್ತಾರೆ. ನನ್ನನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ಅತ್ಯಂತ ಚೆಂದದ ನಡಿಗೆ ಇದೇ. ಅದೂ ಚಪ್ಪಟೆ, ನೆರಳಿನ ಹೊತ್ತಿಗೆ, ಒಂದು ಗಂಟೆ.

ಅಘನಾಶಿನಿ ಘಟ್ಟದ ಮೇಲಿನ ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ದೊಡ್ಡ ಅಣೆಕಟ್ಟಿಲ್ಲದೆ ಇಲ್ಲಿಗೆ ಬರುವ ನದಿ. ಅದರ ಕೊನೆಯಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುವ ವಿಶಾಲ ಬಯಲಿದೆ. 2024ರ ಜನವರಿಯಲ್ಲಿ ಈ ಅಳಿವೆ ಪ್ರದೇಶ ರಾಮ್ಸಾರ್ ತಾಣವಾಯಿತು. ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಇಲ್ಲಿ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಮಳೆಗಾಲದಲ್ಲಿ ಮಳೆಯ ನೀರು ಉಪ್ಪನ್ನು ತೊಳೆದಾಗ ಉಪ್ಪು ತಾಳುವ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಮಾಣಿಕಟ್ಟಾದ ಕಡೆ ಈಗಲೂ ಅದನ್ನು ಉಳಿಸಿಕೊಂಡಿದ್ದಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆಯ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ.

ಹೊಳೆಗೂ ಗಜನಿಗೂ ನಡುವೆ ಉದ್ದಕ್ಕೆ ಏರಿ ಹಾಕಿದ್ದಾರೆ. ಖಾರ್‌ಲ್ಯಾಂಡ್ ಒಡ್ಡು ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ಸಂಜೆ ಅದರ ಮೇಲೆ ನಡೆಯಿರಿ. ಒಂದು ಬದಿಗೆ ಹೊಳೆ ಮತ್ತು ಕಾಂಡ್ಲಾ, ಅಂದರೆ ಕೆಸರಿನಿಂದ ಬೇರು ಮೇಲೆತ್ತಿ ನಿಲ್ಲುವ ಮ್ಯಾಂಗ್ರೋವ್ ಗಿಡಗಳು. ಇನ್ನೊಂದು ಬದಿಗೆ ಬಾನು ಪೂರ್ತಿ ಬಿದ್ದ ಗದ್ದೆಯ ನೀರು, ಒಂಟಿ ಕಾಲಿನ ಬೆಳ್ಳಕ್ಕಿ. ಒಡ್ಡಿನಲ್ಲಿ ಅಲ್ಲಲ್ಲಿ ನೀರು ಒಳಬಿಟ್ಟು ಹೊರಬಿಡುವ ಹಲಗೆಯ ಬಾಗಿಲುಗಳಿವೆ. ಅವನ್ನು ಮುಟ್ಟಬೇಡಿ, ತಪ್ಪಾದ ಹೊತ್ತಿಗೆ ಒಂದು ಹಲಗೆ ಸರಿದರೆ ಇಡೀ ಬಯಲಿನ ಬೆಳೆಗೆ ಉಪ್ಪು ನುಗ್ಗುತ್ತದೆ. ಬೇಸಿಗೆಯತ್ತ ಹೋಗುವವರು ತದಡಿಯ ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನೂ ನೋಡಬಹುದು.

ರಾತ್ರಿ ತಂಗಲು ಅಘನಾಶಿನಿ, ಕಾಗಾಲದ ಕಡೆ ಹೋಮ್‌ಸ್ಟೇ ಹುಡುಕಿ, ಅಥವಾ ತದಡಿಯಿಂದ ಆಟೊದಲ್ಲಿ ಗೋಕರ್ಣಕ್ಕೆ ಹೋಗಿ ಮಲಗಿ ಬೆಳಿಗ್ಗೆ ವಾಪಸು ಬನ್ನಿ. ದಡದಲ್ಲಿ ಟೆಂಟ್ ಹಾಕುವ ಯೋಚನೆ ಕೈಬಿಡಿ. ನಡುರಾತ್ರಿಯ ಉಬ್ಬರ ಒಂದು ಕಡೆ, ಎಬ್ಬಿಸಿ ಕಳಿಸುವ ಪೊಲೀಸರು ಇನ್ನೊಂದು ಕಡೆ.

9. ಎರಡನೆಯ ದಿನ: ತದಡಿಯಿಂದ ಗೋಕರ್ಣ

ಇಂದು ಇಳಿತ ನಿನ್ನೆಗಿಂತ ಮುಕ್ಕಾಲು ಗಂಟೆ ತಡ ಎಂಬುದು ನೆನಪಿರಲಿ. ತದಡಿಯಿಂದ ಬೇಲೇಕಾನದವರೆಗೆ ಊರಿನ ದಾರಿ. ನೀರು ಅಲ್ಲೇ ತುಂಬಿಕೊಳ್ಳಿ, ಏಕೆಂದರೆ ಪ್ಯಾರಡೈಸ್ ಮತ್ತು ಹಾಫ್ ಮೂನ್ ಎರಡಕ್ಕೂ ವಾಹನದ ರಸ್ತೆಯಿಲ್ಲ; ಅಂಗಡಿ ತೆರೆದಿದೆ ಎಂದು ನಂಬಿ ಹೋಗುವಂತಿಲ್ಲ.

ಬೇಲೇಕಾನ ದಾಟಿದ ಮೇಲೆ ಹಾಫ್ ಮೂನ್ ಮುಗಿಯುವವರೆಗಿನ ಭಾಗವೇ ಕಠಿಣ. ಬಂಡೆಗಳ ಮೇಲೆ ಕೈಯೂರಿ ಸಾಗುವ ಕಡೆಗಳಿವೆ, ಗುಡ್ಡದ ಅಂಚಿನಲ್ಲಿ ಒಬ್ಬರೇ ಹೋಗುವಷ್ಟು ಕಿರಿದಾದ ಕಾಲುದಾರಿ ಇದೆ. ಸಣ್ಣ ಉರುಟು ಕಲ್ಲುಗಳ ಮೇಲೆ ಇಳಿಯುವಾಗ ಜಾರುವುದು ಹೆಚ್ಚು. ಅಂಚಿನಲ್ಲಿ ನಿಂತು ಸೆಲ್ಫಿ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಜಂಬಿಟ್ಟಿಗೆಯ ಅಂಚು ಕೆಳಗಿನಿಂದ ಅಲೆ ಕೊರೆದು ಟೊಳ್ಳಾಗಿರಬಹುದು, ಮೇಲಿನಿಂದ ಅದು ಗೊತ್ತಾಗುವುದಿಲ್ಲ. ಇಲ್ಲಿ ಮೊಬೈಲ್ ಸಂಪರ್ಕವೂ ಹೋಗಿ ಬಂದು ಮಾಡುತ್ತದೆ. ಒಂಟಿಯಾಗಿ ನಡೆಯಬೇಡಿ, ಕತ್ತಲಾದ ಮೇಲಂತೂ ಬೇಡ. ದಾರಿ ಕವಲೊಡೆದಾಗ ಸಂಶಯ ಬಂದರೆ ಮೇಲಿನ ದಾರಿ ಹಿಡಿಯಿರಿ. ದೂರವಾದರೂ ಸಮುದ್ರ ಅಲ್ಲಿಗೆ ಬರುವುದಿಲ್ಲ.

ನಡೆಯಲಾರದಷ್ಟು ಸುಸ್ತಾದರೆ ಪ್ಯಾರಡೈಸ್ ಅಥವಾ ಹಾಫ್ ಮೂನ್‌ನಿಂದ ಓಂ ತೀರಕ್ಕೆ ದೋಣಿಗಳು ಸಿಗುವುದುಂಟು. ದರ ಮೊದಲೇ ಮಾತಾಡಿ, ಜೀವರಕ್ಷಕ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ.

ಓಂ ತೀರ ಬಂತೆಂದರೆ ಜನ, ಊಟ, ರಸ್ತೆ ಎಲ್ಲ ಬಂತು. ಅದರ ಆಕಾರ ತೀರದಲ್ಲಿ ನಿಂತರೆ ಕಾಣುವುದಿಲ್ಲ, ಮೇಲಿನ ಗುಡ್ಡದಿಂದ ನೋಡಬೇಕು. ಅಲ್ಲಿಂದ ಕುಡ್ಲೆ ಸುಮಾರು ಅರ್ಧ ಗಂಟೆ, ಕುಡ್ಲೆಯಿಂದ ಗುಡ್ಡ ಹತ್ತಿ ರಾಮತೀರ್ಥದ ಬಳಿ ಇಳಿದರೆ ಗೋಕರ್ಣದ ದೊಡ್ಡ ದಡ ಕಣ್ಣ ಮುಂದೆ.

10. ನೀರಿಗಿಳಿಯುವ ಮೊದಲು

ಬೆಂಗಳೂರಿನಿಂದ ಹೋದವರು ಈ ತೀರಗಳಲ್ಲಿ ಮುಳುಗಿ ಸತ್ತ ಸುದ್ದಿ ಪ್ರತಿವರ್ಷ ಪತ್ರಿಕೆಯಲ್ಲಿ ಓದುತ್ತೇವೆ. ಈಜು ಬರುವವರೂ ಅದರಲ್ಲಿ ಇರುತ್ತಾರೆ. ಕಾರಣ ಹೆಚ್ಚಾಗಿ ಅಲೆಯಲ್ಲ, ಸೆಳೆತ. ದಡಕ್ಕೆ ಬಂದ ನೀರು ಒಂದು ಕಿರಿದಾದ ಜಾಗದಿಂದ ರಭಸವಾಗಿ ಹಿಂದಕ್ಕೆ ಹೋಗುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲವಾದ್ದರಿಂದ ಅದು ಶಾಂತವಾಗಿ ಕಾಣುತ್ತದೆ. ಈಜು ಬಾರದವರು ಹುಡುಕಿಕೊಂಡು ಅಲ್ಲಿಗೇ ಇಳಿಯುತ್ತಾರೆ. ಎರಡು ಕಡೆ ನೊರೆ, ನಡುವೆ ನೊರೆಯಿಲ್ಲದ ಕಪ್ಪು ಪಟ್ಟಿ ಕಂಡರೆ ದೂರವಿರಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಈಜಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಆಮೇಲೆ ಅಲೆಯ ಜೊತೆ ಬನ್ನಿ. ಈಜಲಾಗದಿದ್ದರೆ ಅಂಗಾತ ತೇಲಿ, ಕೈಯೆತ್ತಿ ಕೂಗಿ. ಜೀವರಕ್ಷಕ ಸಿಬ್ಬಂದಿ ಇಲ್ಲದ ತೀರದಲ್ಲಿ ಮೊಣಕಾಲು ಮೀರಿ ಇಳಿಯಬೇಡಿ, ಕುಡಿದು ಇಳಿಯಲೇಬೇಡಿ. ತುರ್ತು ಕರೆಗೆ 112.

ದಡಕ್ಕೆ ಬಿದ್ದ ಜೆಲ್ಲಿ ಮೀನು ಸತ್ತಂತಿದ್ದರೂ ಮುಟ್ಟಬಾರದು. ಅದರ ಎಳೆಗಳು ಆಗಲೂ ಚುಚ್ಚುತ್ತವೆ.

11. ಗೋಕರ್ಣ ಮುಟ್ಟಿದ ಮೇಲೆ

ಮೊದಲು ಸಿಹಿನೀರಿನ ಸ್ನಾನ, ಆಮೇಲೆ ಊಟ, ಆಮೇಲೆ ಪಂಚೆ ಉಟ್ಟು ಮಹಾಬಲೇಶ್ವರನ ದರ್ಶನ. ಗಂಡಸರು ಅಂಗಿ ತೆಗೆಯಬೇಕು. ರಥಬೀದಿಯಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಕೊರಳು ತುಂಬ ಮಣಿಸರ ಹಾಕಿಕೊಂಡು ತರಕಾರಿ ಮಾರುತ್ತಿರುತ್ತಾರೆ. ಅವರ ಬುಟ್ಟಿಯಲ್ಲಿ ಹಸಿರು ಬದನೆ ಇದ್ದರೆ ಮನೆಗೆ ತನ್ನಿ. ಮನೆಯವರಿಗೆ ಸಿಹಿ ಬೇಕೆಂದರೆ ತೊಡದೇವು, ಕಬ್ಬಿನ ಹಾಲಿನಲ್ಲಿ ಮಾಡಿದ ಕಾಗದದಷ್ಟು ತೆಳ್ಳಗಿನ ತಿಂಡಿ. ಅದು ಚೀಲದ ಮೇಲ್ಭಾಗದಲ್ಲಿರಲಿ, ಇಲ್ಲವಾದರೆ ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಪುಡಿ.

ಭಾನುವಾರ ಬೇಗ ಬಂದು ಮುಟ್ಟಿದವರು ಮಿರ್ಜಾನ ಕೋಟೆಗೆ ಹೋಗಿ ಬರಬಹುದು. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿಕೊಂಡ ಕೋಟೆ ಅದು.

ರಾತ್ರಿಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಧ್ಯಾಹ್ನವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಕೆಲವು ಊರೊಳಗೆ ಬರುವುದಿಲ್ಲ, ಹೆದ್ದಾರಿಯಲ್ಲೇ ಹತ್ತಿಸಿಕೊಳ್ಳುತ್ತವೆ. ಹತ್ತುವ ಮೊದಲು ಸ್ಯಾಂಡಲ್ ಎರಡನ್ನೂ ಜೋರಾಗಿ ಬಡಿದು ಮರಳು ಉದುರಿಸಿ. ಎಷ್ಟೇ ಬಡಿದರೂ ಸೋಮವಾರ ಬೆಳಿಗ್ಗೆ ಬಚ್ಚಲಿನಲ್ಲಿ ಒಂದು ಹಿಡಿ ಇದ್ದೇ ಇರುತ್ತದೆ.